ರ್‍ಯಾಮ್ ಖಾಲಿ ಮಾಡಿದ್ರೆ ಗೇಮ್ ಸ್ಪೀಡ್ ಆಗುತ್ತಾ? ಇಲ್ಲ, ಮತ್ತೆ ಹೇಳ್ತೀನಿ, ಇಲ್ಲ

ಪ್ರಶ್ನೆ: ಸರ್, ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿದೀನಿ. 16 ಜಿಬಿ ರ್‍ಯಾಮ್ ಇದೆ, ಆದ್ರೆ ಗೇಮ್ ಓಪನ್ ಮಾಡೋಕ್ ಮುಂಚೇನೇ ಅರ್ಧ ಜಿಬಿನೂ ಫ್ರೀ ತೋರ್ಸಲ್ಲ. ಅದಕ್ಕೇ ಲ್ಯಾಗ್ ಅನ್ಸುತ್ತೆ. ರ್‍ಯಾಮ್ ಕ್ಲೀನ್ ಮಾಡೋದು ಹೇಗೆ?

ಮಾಡ್ಬೇಡಿ. ಇದನ್ನ ಎಷ್ಟನೇ ಸಲ ಬರೀತಿದೀನೋ ಲೆಕ್ಕ ಇಟ್ಟಿಲ್ಲ.

ಟರ್ಮಿನಲ್ಲಲ್ಲಿ ಫ್ರೀ ಕಮಾಂಡ್ ಕೊಟ್ಟಾಗ ನೀವು ನೋಡ್ತಿರೋದು 'ಫ್ರೀ' ಅನ್ನೋ ಕಾಲಂ, ನೋಡ್ಬೇಕಾಗಿರೋದು ಅದೇ ಸಾಲಿನ ಕೊನೇಲಿರೋ 'ಅವೈಲಬಲ್'. ಡಿಸ್ಕಿಂದ ಒಂದ್ಸಲ ಓದಿದ ಫೈಲನ್ನ ಕರ್ನಲ್ಲು (ಲಿನಕ್ಸಿನ ತಿರುಳು) ಖಾಲಿ ಇರೋ ರ್‍ಯಾಮಲ್ಲಿ ಇಟ್ಕೊಂಡಿರುತ್ತೆ (ಇದಕ್ಕೇ ಕ್ಯಾಶ್ ಅನ್ನೋದು), ಮತ್ತೆ ಬೇಕಾದಾಗ ಡಿಸ್ಕ್ ತಂಕ ಓಡ್ಬಾರ್ದು ಅಂತ. ಗೇಮ್ ಜಾಗ ಕೇಳಿದ ತಕ್ಷಣ ಅದನ್ನ ತಾನೇ ಬಿಟ್ಟುಕೊಡುತ್ತೆ, ನೀವು ಹೇಳ್ಬೇಕಾಗಿಲ್ಲ. ಒಗ್ಗರಣೆ ಡಬ್ಬಿ ಒಲೆ ಪಕ್ಕ ಇರೋದು ಕೈಗೆ ಸಿಗ್ಲಿ ಅಂತ ತಾನೇ, ಕಟ್ಟೆ ಖಾಲಿ ಕಾಣ್ಲಿ ಅಂತ ಅದನ್ನ ದಿನಾ ಅಟ್ಟಕ್ಕೆ ಹಾಕಿ ಸಾಸಿವೆ ಬೇಕಾದಾಗೆಲ್ಲ ಏಣಿ ಹತ್ತೋರನ್ನ ಏನಂತೀರಿ?

ಯೂಟ್ಯೂಬಲ್ಲಿ ತೋರಿಸೋ ಆ 'ಡ್ರಾಪ್ ಕ್ಯಾಶಸ್'ಗೆ 3 ಬರೆಯೋ ಕಮಾಂಡ್ ಮಾಡೋದು ಇದನ್ನೇ, ಏಣಿ ಹತ್ಸೋದು. ಟೆಸ್ಟಿಂಗ್, ಡೀಬಗ್ಗಿಂಗ್ ಬಿಟ್ಟು ಬೇರೆ ಕಡೆ ಬಳಸ್ಬೇಡಿ ಅಂತ ಕರ್ನಲ್ ಡಾಕ್ಯುಮೆಂಟೇಶನ್ನಲ್ಲೇ ಇದೆ. 'ಆದ್ರೆ ಸರ್, ಹಾಕಿದ್ಮೇಲೆ 9 ಜಿಬಿ ಫ್ರೀ ಆಯ್ತು!' ಆಗುತ್ತಪ್ಪಾ, ನಂಬರ್ ಜಾಸ್ತಿ ಆಗುತ್ತೆ, ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಆಗಲ್ಲ. ನಾನೂ ಒಂದು ಕಾಲದಲ್ಲಿ ಇದನ್ನ 5 ನಿಮಿಷಕ್ಕೊಂದ್ಸಲ ತಾನಾಗೇ ಓಡೋ ಹಾಗೆ ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸೋ ಲಿನಕ್ಸ್ ಸೌಲಭ್ಯ) ಹಾಕಿದ್ದೆ, ಸರಿಯಾಗಿ 5 ನಿಮಿಷಕ್ಕೊಂದ್ಸಲ ಗೇಮ್ ಜರ್ಕ್ ಹೊಡೀತಿತ್ತು, ನಾನು ಗ್ರಾಫಿಕ್ಸ್ ಕಾರ್ಡನ್ನ ಬೈಕೊಂಡು ಕೂತಿದ್ದೆ. ಅವೈಲಬಲ್ ಕಾಲಮ್ಮೇ ನಿಜವಾಗ್ಲೂ ಕಮ್ಮಿ ಇದ್ರೆ ಕ್ರೋಮ್ ಮುಚ್ಚಿ, ಅಷ್ಟೇ.

ಹಾಗಾದ್ರೆ ಲ್ಯಾಗ್ ಯಾಕೆ? ಮೊದಲು ಎದ್ದೋಗಿ ಕ್ಯಾಬಿನೆಟ್ ಹಿಂದೆ ನೋಡಿ, ಮಾನಿಟರ್ ಕೇಬಲ್ ಮದರ್‌ಬೋರ್ಡಿಗಿದ್ಯೋ ಕಾರ್ಡಿಗಿದ್ಯೋ ಅಂತ. ನಗ್ಬೇಡಿ, ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನ ಎಸ್‌ಪಿ ರೋಡಿಂದ ಕಾರ್ಡ್ ತಂದು, ಕೇಬಲ್ ಮದರ್‌ಬೋರ್ಡಿಗೇ ಬಿಟ್ಟು, ಎರಡು ತಿಂಗಳು ಪ್ರೊಸೆಸರ್ ಗ್ರಾಫಿಕ್ಸಲ್ಲೇ ಆಡಿದ್ದ. ಎನ್‌ವಿಡಿಯಾ ಆದ್ರೆ ಕಂಪನಿ ಡ್ರೈವರ್ ಹಾಕಿ. ರ್‍ಯಾಮ್ ಒಂದೇ ಸ್ಟಿಕ್ ಇದ್ರೆ ಅಂಥದ್ದೇ ಇನ್ನೊಂದು ಹಾಕಿ: ಡಿಡಿಆರ್4 3200ರಲ್ಲಿ ಒಂದು ಚಾನೆಲ್‌ಗೆ (ರ್‍ಯಾಮಿಗೂ ಪ್ರೊಸೆಸರಿಗೂ ಮಧ್ಯದ ದಾರಿ) ಸೆಕೆಂಡಿಗೆ 25.6 ಜಿಬಿ, ಎರಡಾದ್ರೆ 51.2, ಕಾರ್ಡೇ ಇಲ್ದೋರಿಗೆ ಇದರಷ್ಟು ಲಾಭ ಇನ್ಯಾವುದ್ರಿಂದ್ಲೂ ಇಲ್ಲ. ಹೊಸ ಗೇಮಲ್ಲಿ ಮೊದಮೊದಲು ಬರೋ ಜರ್ಕ್ ಶೇಡರ್ (ಗ್ರಾಫಿಕ್ಸ್ ಬಿಡಿಸೋ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗೋದ್ರಿಂದ. ಸ್ಟೀಮ್ ಅದನ್ನ ಮುಂಚೇನೇ ಮಾಡ್ಕೊತೀನಿ ಅಂದಾಗ ಸ್ಕಿಪ್ ಒತ್ಬೇಡಿ. ಮ್ಯಾಂಗೋಹಡ್ (ಗೇಮ್ ಮೇಲೇ ಎಫ್‌ಪಿಎಸ್, ಪ್ರೊಸೆಸರ್, ಕಾರ್ಡ್ ಲೆಕ್ಕ ತೋರಿಸೋ ಟೂಲ್) ಹಾಕ್ಕೊಂಡು ಆಡಿದ್ರೆ ಯಾವುದು ಒದ್ದಾಡ್ತಿದೆ ಅಂತ ಕಣ್ಣಿಗೇ ಕಾಣುತ್ತೆ.

ನೀವು ಕೇಳಿಲ್ಲ, ಆದ್ರೆ ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರಲ್ಲಿ ವಿಂಡೋಸೂ ಲಿನಕ್ಸೂ) ಇರೋರು ನಾಳೆ ಕೇಳ್ತೀರಿ: ವಿಂಡೋಸ್‌ನ ಡಿ ಡ್ರೈವಲ್ಲಿರೋ ಗೇಮನ್ನೇ ಲಿನಕ್ಸಲ್ಲೂ ಆಡ್ಬಹುದಾ? ಆಡ್ಬಹುದು, ತಲೆನೋವು ಗ್ಯಾರಂಟಿ. ವಿಂಡೋಸ್ ಗೇಮನ್ನ ಲಿನಕ್ಸಲ್ಲಿ ಓಡಿಸೋ ಸ್ಟೀಮಿನ ಪ್ರೋಟಾನ್ ತನ್ನ ಫೋಲ್ಡರಲ್ಲಿ 'ಸಿ' ಅಕ್ಷರದ ಪಕ್ಕ ಕೋಲನ್ ಇರೋ ಹೆಸರಲ್ಲಿ ಒಂದು ಲಿಂಕ್ ಮಾಡುತ್ತೆ, ವಿಂಡೋಸಿಗೆ ಹೆಸರಲ್ಲಿ ಕೋಲನ್ ಇದ್ರೆ ಆಗಲ್ಲ. ಅದ್ರ ಮೇಲೆ ವಿಂಡೋಸ್‌ದು ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ಡ್ರೈವ್ ಪೂರ್ತಿ ಬಿಟ್ಟಿರಲ್ಲ, ಲಿನಕ್ಸಲ್ಲಿ ಬರಿಯೋಕೇ ಆಗ್ದೇ ಹೋಗ್ಬಹುದು. ಅದನ್ನ ಆಫ್ ಮಾಡಿ, ಆಮೇಲೆ ಗೇಮ್‌ಗಳನ್ನ ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಶನ್ನಿಗೆ ಕಾಪಿ ಮಾಡ್ಕೊಳ್ಳಿ. ಹಾಂ, ವ್ಯಾಲೊರಂಟ್ ಮಾತ್ರ ಕಾಪಿ ಮಾಡೋಕೆ ಹೋಗ್ಬೇಡಿ, ಅದರ ಆ್ಯಂಟಿಚೀಟ್‌ಗೆ (ಮೋಸದಾಟ ಹಿಡಿಯೋ ಪ್ರೋಗ್ರಾಂ) ವಿಂಡೋಸೇ ಬೇಕು.