ಮಾತ್ರೆ ತಿಂದರೂ ಜಂತುಹುಳು ಏಕೆ ಕಾಣಲಿಲ್ಲ?

ಫೆಬ್ರುವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರೆ. ಅದಾದ ಮೇಲೆ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ತಾಯಂದಿರು ಕೇಳುವುದು, ‘ಹುಳು ಬೀಳಲೇ ಇಲ್ವಲ್ಲ ಡಾಕ್ಟ್ರೇ, ಮಾತ್ರೆ ಕೆಲಸ ಮಾಡ್ತಾ?’ ಮಾತ್ರೆಯನ್ನು ಎಲ್ಲ ಮಕ್ಕಳಿಗೂ ಕೊಡುವುದರಿಂದ ಹಲವರ ಹೊಟ್ಟೆಯಲ್ಲಿ ಹುಳುವೇ ಇರುವುದಿಲ್ಲ. ಇದ್ದವರಲ್ಲೂ ಅದು ತಕ್ಷಣ ಬೀಳದಿರಲು ಕಾರಣವಿದೆ.

ಜಂತುಹುಳುಗಳಲ್ಲಿ ಒಂದಾದ ದುಂಡುಹುಳುವನ್ನೇ ನೋಡಿ. ಹೆಣ್ಣು 20ರಿಂದ 35 ಸೆಂ.ಮೀ. ಉದ್ದ. ಗಂಡು ಚಿಕ್ಕದು, ಬಾಲ ಬಾಗಿರುತ್ತದೆ. ಬಾಯಿಗೆ ಮೂರು ತುಟಿ. ಇನ್ನೊಂದು ಜಂತುಹುಳುವಾದ ಕೊಕ್ಕೆಹುಳುವಿನ ಹಾಗೆ ಕರುಳನ್ನು ಕಚ್ಚಿ ಹಿಡಿಯುವ ಹಲ್ಲಿಲ್ಲ. ಹೃದಯ, ರಕ್ತನಾಳ, ಶ್ವಾಸಾಂಗ ಯಾವುದೂ ಇಲ್ಲ. ಗಟ್ಟಿ ಹೊರಪೊರೆಯೊಳಗೆ ಒತ್ತಡದಲ್ಲಿರುವ ದ್ರವವೇ ಮೈಗೆ ಬಿಗಿ ಕೊಡುತ್ತದೆ. ಸ್ನಾಯುಗಳೆಲ್ಲ ಉದ್ದುದ್ದ, ಬಳೆಯಾಕಾರದವು ಇಲ್ಲ. ಹಾಗಾಗಿ ಎರೆಹುಳುವಿನಂತೆ ಹಿಗ್ಗಿ ಕುಗ್ಗಲಾರದು, ಬಳುಕಬಲ್ಲದು ಅಷ್ಟೆ. ಇನ್ನೂ ಬೆರಗಿನ ಸಂಗತಿಯೆಂದರೆ ಇಲ್ಲಿ ನರ ಸ್ನಾಯುವನ್ನು ಹುಡುಕಿ ಹೋಗುವುದಿಲ್ಲ, ಸ್ನಾಯುಕೋಶವೇ ನರದತ್ತ ತೋಳು ಚಾಚುತ್ತದೆ. ಕರುಳು ಎಲ್ಲವನ್ನೂ ಕೆಳಗೆ ತಳ್ಳುತ್ತಿರುವಾಗ ಈ ಹುಳು ಎದುರು ಈಜುತ್ತಲೇ ಇರಬೇಕು.

ಪೈರಾಂಟೆಲ್ ಔಷಧ ಸ್ನಾಯುವನ್ನು ಸೆಟೆಸಿ ಆ ಈಜನ್ನು ನಿಲ್ಲಿಸುತ್ತದೆ. ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಹಾಗಲ್ಲ. ಹುಳು ಗ್ಲುಕೋಸ್ ಹೀರದಂತೆ ಮಾಡಿ ಮೆಲ್ಲನೆ ಸೊರಗಿಸುತ್ತದೆ. ಹೊರಬೀಳಲು ಕೆಲವು ದಿನ ಹಿಡಿಯುತ್ತದೆ. ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ.ನ ಒಂದು ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ. ಅಗಿದು ತಿನ್ನಬೇಕು. ಪುಟ್ಟ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಕೊಡಿ. ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಒಂದೇ ಸಲಕ್ಕೆ ಮುಗಿಯದಿರಲು ಮರಿಗಳ ಪಯಣ ಕಾರಣ. ನುಂಗಿದ ಮೊಟ್ಟೆ ಸಣ್ಣಕರುಳಿನಲ್ಲಿ ಒಡೆದು, ಮರಿ ರಕ್ತದೊಡನೆ ಯಕೃತ್ತು, ಹೃದಯ ದಾಟಿ ಶ್ವಾಸಕೋಶ ಸೇರುತ್ತದೆ. ಆಗ ಒಣಕೆಮ್ಮು, ಉಬ್ಬಸ ಕಾಣಬಹುದು. ಗಂಟಲಿಗೆ ಏರಿ, ಮತ್ತೆ ನುಂಗಲ್ಪಟ್ಟು ಕರುಳಿಗಿಳಿದು ಬೆಳೆಯುತ್ತದೆ. ನುಂಗಿದಲ್ಲಿಂದ ಮೊಟ್ಟೆಯಿಡುವವರೆಗೆ ಎರಡು ಮೂರು ತಿಂಗಳು. ಶ್ವಾಸಕೋಶದಲ್ಲಿರುವ ಮರಿಗಳ ಮೇಲೆ ಆ ಒಂದು ಮಾತ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೇ ಆಗಸ್ಟ್‌ನಲ್ಲಿ ಮತ್ತೆ ಮಾತ್ರೆ ಕೊಡುವ ಸುತ್ತನ್ನು ತಪ್ಪಿಸಬಾರದು.

ಬೆಲ್ಲ ತಿಂದರೆ ಹುಳು ಆಗುತ್ತದೆ ಎಂಬುದು ತಪ್ಪು ನಂಬಿಕೆ. ಹೆಣ್ಣೊಂದು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅವು ಮಲದೊಡನೆ ಹೊರಬಂದು ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆಯೇ ಸೋಂಕು ತರುತ್ತವೆ. ಮೊಟ್ಟೆಯ ಹೊರಪದರ ಅಂಟಂಟು, ಸೊಪ್ಪಿಗೆ ಅಂಟಿಕೊಳ್ಳುತ್ತದೆ. ಉಪ್ಪುನೀರು, ವಿನಿಗರ್‌ಗೆ ಮೊಟ್ಟೆ ಸಾಯದು. ಕೊತ್ತಂಬರಿಯ ಬೇರು ಕತ್ತರಿಸಿ, ಕಂತೆ ಬಿಚ್ಚಿ, ಹರಿಯುವ ನೀರಿನಲ್ಲಿ ಎಲೆ ಉಜ್ಜಿ ತೊಳೆಯಿರಿ. ದಂಟು, ಪಾಲಕ್ ಚೆನ್ನಾಗಿ ಬೆಂದರೆ ಭಯವಿಲ್ಲ.

ಮಗುವಿನ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲ ಕಟ್ಟಿದ್ದರೆ ಹುಳುಗಳು ಗಂಟಾಗಿ ಕರುಳನ್ನು ಮುಚ್ಚಿರಬಹುದು. ಆಗ ಮನೆಯಲ್ಲಿ ಜಂತುಹುಳು ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ.