ಹೊಸ ಸಂಖ್ಯೆ, ಹಳೆಯ ಚಿಪ್: ಗ್ರಾಫಿಕ್ಸ್ ಕಾರ್ಡ್‌ಗಳ ಮರುನಾಮಕರಣದ ಹಿನ್ನೆಲೆ

2014ರ ಜೂನ್ ತಿಂಗಳಲ್ಲಿ ಎನ್‌ವಿಡಿಯಾ ಸಂಸ್ಥೆ ಜೀಫೋರ್ಸ್ ಜಿಟಿ 730 ಎಂಬ ಅಗ್ಗದ ಗ್ರಾಫಿಕ್ಸ್ ಕಾರ್ಡನ್ನು (ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಭಾಗವನ್ನು) ಮಾರುಕಟ್ಟೆಗೆ ತಂದಿತು. ಆ ಒಂದು ಹೆಸರಿನ ಅಡಿಯಲ್ಲಿ ಮೂರು ಬಗೆಯ ಕಾರ್ಡ್‌ಗಳಿದ್ದವು. ಎರಡರಲ್ಲಿ ಇದ್ದದ್ದು ಕೆಪ್ಲರ್ ವಿನ್ಯಾಸದ, 28 ನ್ಯಾನೊಮೀಟರ್ ತಂತ್ರದಲ್ಲಿ (ಈ ಅಳತೆ ಸಣ್ಣದಾದಷ್ಟೂ ತಂತ್ರ ಹೊಸದು) ತಯಾರಾದ, 384 ಕೋರ್‌ಗಳ, ಅಂದರೆ ಲೆಕ್ಕ ಮಾಡುವ ಘಟಕಗಳ ಚಿಪ್. ಮೂರನೆಯದರಲ್ಲಿ ಇದ್ದದ್ದು ಅದಕ್ಕೂ ಹಿಂದಿನ ಫರ್ಮಿ ವಿನ್ಯಾಸದ, 40 ನ್ಯಾನೊಮೀಟರಿನ, 96 ಕೋರ್‌ಗಳ ಜಿಎಫ್108. ಈ ಜಿಎಫ್108 ಚಿಪ್ 2010ರ ಅಕ್ಟೋಬರಿನಲ್ಲಿ ಜಿಟಿ 430 ಎಂಬ ಹೆಸರಿನಲ್ಲಿ ಮೊದಲು ಕಾಣಿಸಿಕೊಂಡು, ನಡುವೆ ಜಿಟಿ 440, 620, 630 ಎಂಬ ಹೆಸರುಗಳನ್ನೂ ಹೊತ್ತು ಬಂದದ್ದು. ಸೋಜಿಗವೆಂದರೆ, ಪೆಟ್ಟಿಗೆಯ ಮೇಲೆ ಹಳೆಯ ಕಾರ್ಡಿಗೆ 128 ಬಿಟ್ ಎಂದೂ ಹೊಸದಕ್ಕೆ 64 ಬಿಟ್ ಎಂದೂ ಇರುತ್ತಿತ್ತು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ‘ಎಷ್ಟು ಜಿಬಿ, ಎಷ್ಟು ಬಿಟ್’ ಎಂದು ಕೇಳಿ ಕಾರ್ಡ್ ಆರಿಸುವ ಗಿರಾಕಿ, ದೊಡ್ಡ ಸಂಖ್ಯೆಯನ್ನು ನಂಬಿದರೆ ನಾಲ್ಕು ವರ್ಷ ಹಳೆಯ ಚಿಪ್ಪನ್ನೇ ಮನೆಗೆ ಒಯ್ಯುತ್ತಿದ್ದ. ಆ ಕಾರ್ಡಿನಲ್ಲಿ ಮೆಮೊರಿಯ ಹಾದಿ ಅಗಲವಾಗಿದ್ದದ್ದು ಸುಳ್ಳಲ್ಲ. ಆದರೆ ಆ ಒಂದು ಅಂಕಿಯಿಂದ ಚಿಪ್ಪಿನ ವಯಸ್ಸು ತಿಳಿಯುವಂತಿರಲಿಲ್ಲ.

ಹಳೆಯ ಚಿಪ್ಪಿಗೆ ಹೊಸ ಹೆಸರು ಕೊಡುವ ಈ ರೂಢಿಯನ್ನು ಕಂಪ್ಯೂಟರ್ ವಲಯದಲ್ಲಿ ‘ರೀಬ್ರ್ಯಾಂಡ್’ ಎನ್ನುತ್ತಾರೆ. ಇದನ್ನು ಇತರ ಎರಡು ಸಂಗತಿಗಳಿಂದ ಬೇರ್ಪಡಿಸಿ ನೋಡುವುದು ಅಗತ್ಯ. ಅದೇ ವಿನ್ಯಾಸವನ್ನು ಇನ್ನಷ್ಟು ಸಣ್ಣ ಅಳತೆಯಲ್ಲಿ ತಯಾರಿಸಿ ವಿದ್ಯುತ್ತನ್ನು ಉಳಿಸುವುದು ಒಂದು. ವೇಗವನ್ನೋ ಮೆಮೊರಿಯನ್ನೋ ಗಣನೀಯವಾಗಿ ಹೆಚ್ಚಿಸಿ ಮುಂದಿನ ಮಾದರಿಯೆಂದು ಮಾರುವುದು ಇನ್ನೊಂದು. ಇವೆರಡರಲ್ಲೂ ಕೊಳ್ಳುವವನ ಕೈಗೆ ಏನಾದರೂ ಸೇರುತ್ತದೆ. ಬರೀ ಸಂಖ್ಯೆ ಬದಲಾದಾಗ ಬದಲಾಗುವುದು ಅವನ ನಿರೀಕ್ಷೆ ಮಾತ್ರ. ವ್ಯವಹಾರದಲ್ಲಿ ಈ ಮೂರೂ ಒಂದರೊಳಗೊಂದು ಬೆರೆತೇ ಬರುತ್ತವೆಯಾದ್ದರಿಂದ ಗೆರೆ ಎಳೆಯುವುದು ಸುಲಭವಲ್ಲ.

ಗೊಂದಲದ ಬೇರು ಕನಿಷ್ಠ 2002ರಷ್ಟು ಹಿಂದಿನದು. ಆ ವರ್ಷದ ಫೆಬ್ರವರಿಯಲ್ಲಿ ಎನ್‌ವಿಡಿಯಾ ಜೀಫೋರ್ಸ್ 4 ಸರಣಿಯನ್ನು ಎರಡು ಕವಲಾಗಿ ಬಿಡುಗಡೆ ಮಾಡಿತು. ಟಿಐ ಎಂಬ ದುಬಾರಿ ಕವಲಿನಲ್ಲಿ ಪ್ರೋಗ್ರಾಂ ಮಾಡಬಲ್ಲ ಷೇಡರ್‌ಗಳು, ಅಂದರೆ ಚಿತ್ರದ ಬಣ್ಣ, ಬೆಳಕುಗಳ ಲೆಕ್ಕ ಹಾಕುವ ಘಟಕಗಳು ಇದ್ದವು; ಎಂಎಕ್ಸ್ ಎಂಬ ಅಗ್ಗದ ಕವಲಿನ ಚಿತ್ರಣಭಾಗ ಜೀಫೋರ್ಸ್ 2ರ ವಂಶದ್ದಾಗಿದ್ದು, ಅಂಥ ಪಿಕ್ಸೆಲ್ ಷೇಡರ್‌ಗಳು ಅದರಲ್ಲಿ ಇರಲೇ ಇಲ್ಲ. ಹಿಂದಿನ ವರ್ಷವೇ ಬಂದಿದ್ದ ಜೀಫೋರ್ಸ್ 3ರಲ್ಲಿ ಇದ್ದ ಸೌಲಭ್ಯ ‘4’ ಎಂದು ಬರೆದುಕೊಂಡ ಕಾರ್ಡಿನಲ್ಲಿ ಇಲ್ಲವಾಯಿತು. ಕಂಪ್ಯೂಟರ್ ಆಟಗಳನ್ನು ತಯಾರಿಸುವ ಐಡಿ ಸಾಫ್ಟ್‌ವೇರ್ ಸಂಸ್ಥೆಯ ಜಾನ್ ಕಾರ್ಮ್ಯಾಕ್ ಆಗಲೇ ಈ ಕಾರ್ಡನ್ನು ಕೊಳ್ಳಬೇಡಿ ಎಂದು ಬಹಿರಂಗವಾಗಿ ಎಚ್ಚರಿಸಿದ್ದರು. ಪಿಕ್ಸೆಲ್ ಷೇಡರ್ ಕಡ್ಡಾಯವೆಂದ ಮುಂದಿನ ಆಟಗಳು ಎಂಎಕ್ಸ್ ಮೇಲೆ ನಿಧಾನವಾಗಿ ಓಡಲಿಲ್ಲ, ಓಡಲೇ ಇಲ್ಲ. ಎದುರಾಳಿ ಎಟಿಐ ಕೂಡ ಇದೇ ದಾರಿ ಹಿಡಿಯಿತು: ವಿಂಡೋಸ್‌ನಲ್ಲಿ ಆಟಗಳು ಬಳಸುವ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ನ 9ನೆಯ ಆವೃತ್ತಿ ಬಲ್ಲ ರೇಡಿಯಾನ್ 9700 ಬಂದ 2002ರಲ್ಲೇ, ಡೈರೆಕ್ಟ್‌ಎಕ್ಸ್ 8.1ಕ್ಕೆ ನಿಂತುಹೋಗುವ ರೇಡಿಯಾನ್ 9000 ಕೂಡ ಅದೇ ಒಂಬತ್ತು ಸಾವಿರದ ಸಾಲಿನಲ್ಲಿ ಸೇರಿಕೊಂಡಿತು.

ಮರುನಾಮಕರಣದ ಚರಿತ್ರೆಯಲ್ಲಿ ಅತಿ ಹೆಚ್ಚು ಚರ್ಚೆಗೆ ಬಂದದ್ದು ಜಿ92 ಎಂಬ ಚಿಪ್. 2007ರ ಅಕ್ಟೋಬರ್ 29ರಂದು ಜೀಫೋರ್ಸ್ 8800 ಜಿಟಿಯಾಗಿ ಹೊರಬಂದ ಇದು ನಿಜಕ್ಕೂ ಉತ್ತಮ ಚಿಪ್ಪೇ ಆಗಿತ್ತು. ದುಬಾರಿ 8800 ಜಿಟಿಎಕ್ಸ್ ಹತ್ತಿರ ಸುಳಿಯುವ ವೇಗವನ್ನು ಅದು ಸಾಮಾನ್ಯರ ಕೈಗೆಟಕುವ ಬೆಲೆಗೆ ತಂದುಕೊಟ್ಟಿತು. 8800 ಜಿಟಿಯಲ್ಲಿ 112 ಕೋರ್‌ಗಳು ಕೆಲಸ ಮಾಡುತ್ತಿದ್ದವು. ಅದೇ ಡಿಸೆಂಬರಿನಲ್ಲಿ ಬಂದ 512 ಎಂಬಿ ಮೆಮೊರಿಯ 8800 ಜಿಟಿಎಸ್‌ನಲ್ಲಿ ಪೂರ್ಣ 128 ಕೋರ್‌ಗಳಿದ್ದವು. 2008ರ ಏಪ್ರಿಲ್‌ನಲ್ಲಿ ಅದೇ 128 ಕೋರ್‌ಗಳ ಜಿ92, 9800 ಜಿಟಿಎಕ್ಸ್ ಎನಿಸಿಕೊಂಡಿತು. ಕೆಲವೇ ತಿಂಗಳಲ್ಲಿ 8800 ಜಿಟಿಯೇ 9800 ಜಿಟಿ ಎಂಬ ಹೆಸರಿನಿಂದ ಅಂಗಡಿಗೆ ಮರಳಿತು. ಅದೇ ಜುಲೈನಲ್ಲಿ ಚಿಪ್ 65ರಿಂದ 55 ನ್ಯಾನೊಮೀಟರಿಗೆ ಇಳಿದು 9800 ಜಿಟಿಎಕ್ಸ್ ಪ್ಲಸ್ ಆಯಿತು. ಇಲ್ಲಿಗೆ ನಿಂತಿದ್ದರೆ ವಿವಾದ ಇಷ್ಟು ಬೆಳೆಯುತ್ತಿರಲಿಲ್ಲವೇನೋ. ಆದರೆ 2009ರ ಮಾರ್ಚ್‌ನಲ್ಲಿ ಇದೇ 55 ನ್ಯಾನೊಮೀಟರ್ ಚಿಪ್ ಜಿಟಿಎಸ್ 250 ಎಂಬ ಹೆಸರು ಹೊತ್ತು, ಜಿಟಿ200 ಎಂಬ ಸಂಪೂರ್ಣ ಹೊಸ ಚಿಪ್ಪಿನ ಜಿಟಿಎಕ್ಸ್ 260 ಮತ್ತು 280ರ ಸಾಲಿನಲ್ಲಿ ಬಂದು ನಿಂತಿತು.

ಈ ಸಾಲುಗೂಡಿಸುವಿಕೆಯಿಂದ ಆದ ನಷ್ಟ ವೇಗದ್ದಲ್ಲ. ಜಿಟಿಎಸ್ 250ರ ವೇಗ ಅದರ ಬೆಲೆಗೆ ತಕ್ಕುದಾಗಿಯೇ ಇತ್ತು. ಜಿಟಿ200 ಚಿಪ್ ಡಬಲ್ ಪ್ರಿಸಿಷನ್ ಲೆಕ್ಕವನ್ನು, ಅಂದರೆ ವೈಜ್ಞಾನಿಕ ಗಣನೆಗೆ ಬೇಕಾದ ಹೆಚ್ಚು ನಿಖರತೆಯ ದಶಮಾಂಶ ಲೆಕ್ಕವನ್ನು ಮಾಡಬಲ್ಲದಾಗಿತ್ತು. ಜಿ92ಕ್ಕೆ ಅದು ಸಾಧ್ಯವಿರಲಿಲ್ಲ. ಗ್ರಾಫಿಕ್ಸ್ ಚಿಪ್ಪಿನಲ್ಲಿ ಇತರ ಲೆಕ್ಕ ಮಾಡಿಸುವ ಎನ್‌ವಿಡಿಯಾದ ಕುಡಾ ತಂತ್ರಾಂಶದ ಪ್ರಕಾರ ಜಿಟಿ200 1.3ನೆಯ ದರ್ಜೆಯದು, ಜಿ92 1.1ನೆಯ ದರ್ಜೆಯದು. ‘200 ಸರಣಿಯ ಕಾರ್ಡ್ ಸಾಕು’ ಎಂಬ ಮಾತನ್ನು ನಂಬಿ ಪ್ರಾಜೆಕ್ಟ್‌ಗೆಂದು ಜಿಟಿಎಸ್ 250 ಕೊಂಡ ವಿದ್ಯಾರ್ಥಿಗೆ ಈ ವ್ಯತ್ಯಾಸ ಗೊತ್ತಾಗುತ್ತಿದ್ದುದು ಪ್ರೋಗ್ರಾಂ ಕೈಕೊಟ್ಟಾಗಲೇ. ಲ್ಯಾಪ್‌ಟಾಪ್‌ಗಳ ಸ್ಥಿತಿ ಇನ್ನೂ ಕಷ್ಟದ್ದು. ಡೆಸ್ಕ್‌ಟಾಪಿನ ಜಿಟಿಎಕ್ಸ್ 280ರಲ್ಲಿ ಜಿಟಿ200 ಚಿಪ್ಪಿನ 240 ಕೋರ್‌ಗಳಿದ್ದರೆ, ಲ್ಯಾಪ್‌ಟಾಪಿನ ಜಿಟಿಎಕ್ಸ್ 280ಎಂ ಎಂಬುದು 128 ಕೋರ್‌ಗಳ ಜಿ92ವೇ ಆಗಿತ್ತು. ಹೆಸರಿನ ಕೊನೆಯ ಒಂದು ಅಕ್ಷರ ಒಂದು ತಲೆಮಾರಿನ ಅಂತರವನ್ನು ಮುಚ್ಚಿಟ್ಟಿತ್ತು.

ಕಂಪನಿಗಳು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ದುರಾಸೆಯೊಂದೇ ಉತ್ತರವಾಗದು. ಎನ್‌ವಿಡಿಯಾ ಆಗಲಿ, 2006ರಲ್ಲಿ ಎಟಿಐಯನ್ನು ಕೊಂಡ ಎಎಂಡಿ ಆಗಲಿ ತಮ್ಮ ಗ್ರಾಫಿಕ್ಸ್ ಚಿಪ್‌ಗಳನ್ನು ಸ್ವಂತ ಕಾರ್ಖಾನೆಯಲ್ಲಿ ತಯಾರಿಸುವುದಿಲ್ಲ. ಈ ಅವಧಿಯಲ್ಲಿ ಇಬ್ಬರೂ ಬಹುಮಟ್ಟಿಗೆ ತೈವಾನಿನ ಚಿಪ್ ತಯಾರಕ ಸಂಸ್ಥೆ ಟಿಎಸ್‌ಎಂಸಿಯನ್ನೇ ನೆಚ್ಚಿಕೊಂಡಿದ್ದರು. ಅಲ್ಲಿ 32 ನ್ಯಾನೊಮೀಟರ್ ತಂತ್ರ ರದ್ದಾಯಿತು. 20 ನ್ಯಾನೊಮೀಟರ್ ತಂತ್ರ ಬಂದರೂ ದೊಡ್ಡ ಗ್ರಾಫಿಕ್ಸ್ ಚಿಪ್‌ಗಳಿಗೆ ಒಗ್ಗದೆ ಇಬ್ಬರೂ ಅದನ್ನು ಕೈಬಿಟ್ಟರು. ಹೀಗಾಗಿ 2011ರ ಕೊನೆಯಲ್ಲಿ ಆರಂಭವಾದ 28 ನ್ಯಾನೊಮೀಟರ್ ಯುಗ 2016ರ ನಡುವಿನವರೆಗೂ ಎಳೆಯಿತು. ಕಾರ್ಖಾನೆ ಮುಂದೆ ಹೋಗದಿದ್ದರೂ ಕ್ಯಾಲೆಂಡರ್ ಮುಂದೆ ಹೋಗುತ್ತದೆ. ಸಿದ್ಧ ಕಂಪ್ಯೂಟರ್ ಮಾರುವ ಸಂಸ್ಥೆಗಳಿಗೆ ಪ್ರತಿ ವರ್ಷದ ಹೊಸ ಮಾದರಿಯ ಜಾಹೀರಾತಿನಲ್ಲಿ ಹೊಸ ಸಂಖ್ಯೆಯೊಂದು ಬೇಕು. 2013ರ ಆರಂಭದಲ್ಲಿ ಎಎಂಡಿಯ ಡೆಸ್ಕ್‌ಟಾಪ್ ಎಚ್‌ಡಿ 8000 ಸರಣಿ ಬಹುಮಟ್ಟಿಗೆ ಹಿಂದಿನ ಸರಣಿಗಳ ಚಿಪ್‌ಗಳನ್ನೇ ಹೊತ್ತು ಅಂಥ ಸಂಸ್ಥೆಗಳಿಗೆ ಮಾತ್ರ ಹೋಯಿತು. ಬಿಡಿ ಕಾರ್ಡ್ ಕೊಳ್ಳುವವರ ಅಂಗಡಿಗೆ ಬರಲೇ ಇಲ್ಲ.

ಆ ದೀರ್ಘ ಯುಗದಲ್ಲಿ ಎನ್‌ವಿಡಿಯಾ ಅದೇ 28 ನ್ಯಾನೊಮೀಟರಿನಲ್ಲೇ ಮ್ಯಾಕ್ಸ್‌ವೆಲ್ ಎಂಬ ಹೊಸ ವಿನ್ಯಾಸವನ್ನು ಹೊರತಂದರೆ, ಎಎಂಡಿ ಹೆಚ್ಚಾಗಿ ಹೆಸರುಗಳ ಮೊರೆ ಹೋಯಿತು. 549 ಡಾಲರಿಗೆ ಬಂದಿದ್ದ ಎಚ್‌ಡಿ 7970, 2013ರ ಅಕ್ಟೋಬರಿನಲ್ಲಿ ಆರ್9 280ಎಕ್ಸ್ ಆಗಿ 299 ಡಾಲರಿಗೆ ಬಂತು. ಇದನ್ನು ನಾನು ತಪ್ಪೆನ್ನಲಾರೆ; ಪಳಗಿದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ಇಳಿದ ಬೆಲೆ, ಮೊದಲಿನದೇ ಸಾಮರ್ಥ್ಯ ಸಿಕ್ಕರೆ ಕೊಂಡವನಿಗೆ ಲಾಭವೇ. 2015ರ ಜೂನ್‌ನ ಕಥೆ ಬೇರೆ. 4 ಜಿಬಿಯ ಆರ್9 290ಎಕ್ಸ್, 8 ಜಿಬಿಯ 390ಎಕ್ಸ್ ಆಗಿ 429 ಡಾಲರಿಗೆ ಬಂದಾಗ, ಹಳೆಯ ಹೆಸರಿನ ಕಾರ್ಡ್ ಅದಕ್ಕಿಂತ ಸಾಕಷ್ಟು ಕಡಿಮೆಗೆ ಅಂಗಡಿಗಳಲ್ಲಿ ಸಿಗುತ್ತಿತ್ತು. ಕಂಪನಿಯೊಳಗೆ ಬಳಸುವ ಚಿಪ್ಪಿನ ಒಳಹೆಸರೂ ಹವಾಯಿಯಿಂದ ಗ್ರೆನಾಡಾ ಎಂದು ಬದಲಾಗಿತ್ತು. ಗುರುತು ಹಿಡಿಯಲು ಉಳಿದಿದ್ದ ಕೊನೆಯ ದಾರಿಯನ್ನೂ ಅಳಿಸಿದಂತಾದ ಈ ಕ್ರಮವನ್ನು ನಾನು ಒಪ್ಪಲಾರೆ.

ಅದೇ ಸರಣಿಯ ಕೆಳಹಂತದಲ್ಲಿ ವಿಚಿತ್ರ ಇನ್ನೂ ಹೆಚ್ಚು. 2012ರ ಮಾರ್ಚ್‌ನ ಎಚ್‌ಡಿ 7850, 2014ರಲ್ಲಿ ಆರ್7 265 ಆಗಿ, 2015ರಲ್ಲಿ ಆರ್7 370 ಆಯಿತು. ಪರದೆಯ ವೇಗವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಫ್ರೀಸಿಂಕ್ ತಂತ್ರವನ್ನು ಎಎಂಡಿ ಆ ವರ್ಷ ಜೋರಾಗಿ ಪ್ರಚಾರ ಮಾಡುತ್ತಿತ್ತು. ಆಟಗಳಲ್ಲಿ ಅದು 370ರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅದಕ್ಕಿಂತ ಅಗ್ಗದ, ಆದರೆ ಒಂದು ವರ್ಷ ಈಚಿನ ಚಿಪ್ ಇದ್ದ ಆರ್7 360ರಲ್ಲಿ ಮಾಡುತ್ತಿತ್ತು. ಹೆಚ್ಚು ಹಣ ಕೊಟ್ಟವನಿಗೆ ಕಡಿಮೆ ಸೌಲಭ್ಯ.

ಹೆಸರು ಎಷ್ಟು ಬದಲಾದರೂ ಚಿಪ್ಪಿನ ಆಯುಷ್ಯ ಬದಲಾಗುವುದಿಲ್ಲ ಎಂಬುದು ಡ್ರೈವರ್ ನಿಲ್ಲುವ ದಿನ ಸ್ಪಷ್ಟವಾಗುತ್ತದೆ. ಮರುನಾಮಕರಣದ ನಿಜವಾದ ಬೆಲೆ ತೆರಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಎಎಂಡಿ 2021ರ ಜೂನ್‌ನಲ್ಲಿ ಹಳೆಯ ತಲೆಮಾರುಗಳ ಬೆಂಬಲ ನಿಲ್ಲಿಸಿದಾಗ 7850 ಮತ್ತು 370 ಒಂದೇ ದಿನ ಹೊರಬಿದ್ದವು: ಮೊದಲನೆಯದಕ್ಕೆ ಒಂಬತ್ತು ವರ್ಷ ಸಿಕ್ಕಿತ್ತು, ಎರಡನೆಯದಕ್ಕೆ ಆರು. ಜಿಟಿ 730ರ ವಿಷಯದಲ್ಲಿ ಇದು ಇನ್ನೂ ನಿಷ್ಠುರವಾಗಿತ್ತು. ಫರ್ಮಿ ಚಿಪ್‌ಗಳಿಗೆ ಹೊಸ ಡ್ರೈವರ್‌ಗಳು 2018ರ ಏಪ್ರಿಲ್‌ನಲ್ಲಿ ನಿಂತವು. ಕೆಪ್ಲರ್ ಚಿಪ್‌ಗಳಿಗೆ 2021ರವರೆಗೆ ಬಂದವು. 2016ರಲ್ಲಿ ಬಂದ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಕೆಪ್ಲರ್ ಮೇಲೆ ನಡೆಯಿತು, ಫರ್ಮಿ ಮೇಲೆ ಎಂದೂ ನಡೆಯಲಿಲ್ಲ. ಒಂದೇ ದಿನ ಒಂದೇ ಹೆಸರಿನ ಕಾರ್ಡ್ ಕೊಂಡ ಇಬ್ಬರಲ್ಲಿ ಒಬ್ಬನ ಕಾರ್ಡಿಗೆ ಮೂರು ವರ್ಷ ಮೊದಲೇ ಬಾಗಿಲು ಮುಚ್ಚಿತು.

ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಹಳೆಯ ಅಥವಾ ದುರಸ್ತಿ ಮಾಡಿದ ಸರಕನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಆದರೆ ಮರುನಾಮಕರಣಗೊಂಡ ಕಾರ್ಡ್ ಕಾರ್ಖಾನೆಯಿಂದ ಹೊಸದಾಗಿಯೇ ಬಂದ ಸರಕು. ಹಳೆಯದಾಗಿರುವುದು ಅದರೊಳಗಿನ ವಿನ್ಯಾಸ. ಹಾಗಾಗಿ ಈ ಮಾತು ಇದಕ್ಕೆ ನೇರವಾಗಿ ತಾಗುವುದು ಕಷ್ಟವೆಂದೇ ನನಗೆ ತೋರುತ್ತದೆ.

ಆದರೂ ಗಿರಾಕಿಗಳ ಪ್ರತಿಭಟನೆಗೆ ಫಲ ಸಿಕ್ಕ ಉದಾಹರಣೆಗಳಿವೆ. ರೇಡಿಯಾನ್ ಆರ್‌ಎಕ್ಸ್ 560 ಎಂಬ ಒಂದೇ ಹೆಸರಿನಲ್ಲಿ 1024 ಕೋರ್‌ಗಳ ಕಾರ್ಡಿನ ಜತೆ 896 ಕೋರ್‌ಗಳದ್ದೂ ಮಾರಾಟವಾಗುತ್ತಿದ್ದುದು 2017ರ ಡಿಸೆಂಬರಿನಲ್ಲಿ ಬಯಲಾದಾಗ, ಎಎಂಡಿ ಗೊಂದಲವನ್ನು ಒಪ್ಪಿಕೊಂಡು ವಿವರಣೆಗಳನ್ನು ಸರಿಪಡಿಸುವುದಾಗಿ ಹೇಳಿತು. 2022ರ ಸೆಪ್ಟೆಂಬರ್ 20ರಂದು ಎನ್‌ವಿಡಿಯಾ ಆರ್‌ಟಿಎಕ್ಸ್ 4080 ಹೆಸರಿನ ಎರಡು ಕಾರ್ಡ್‌ಗಳನ್ನು ಘೋಷಿಸಿತು. 16 ಜಿಬಿಯದರಲ್ಲಿ 9728 ಕೋರ್‌ಗಳಿದ್ದರೆ, 12 ಜಿಬಿಯದರಲ್ಲಿ ಬೇರೆಯೇ ಚಿಪ್ಪಿನ 7680 ಕೋರ್‌ಗಳಿದ್ದವು. ಇದು ಹಳೆಯ ಚಿಪ್ಪಿನ ಪ್ರಕರಣವಲ್ಲದಿದ್ದರೂ ಹೆಸರಿನ ಮೇಲಿನ ನಂಬಿಕೆಯ ಪ್ರಶ್ನೆ ಅದೇ. ಟೀಕೆ ತೀವ್ರವಾದಾಗ ಅಕ್ಟೋಬರ್ 14ರಂದು ಸಂಸ್ಥೆಯೇ ಆ ಹೆಸರು ಸರಿಯಿಲ್ಲವೆಂದು ಒಪ್ಪಿ 12 ಜಿಬಿ ಕಾರ್ಡನ್ನು ಹಿಂತೆಗೆದುಕೊಂಡಿತು. 899 ಡಾಲರಿಗೆ ಬರಬೇಕಿದ್ದ ಅದು 2023ರ ಜನವರಿಯಲ್ಲಿ ಆರ್‌ಟಿಎಕ್ಸ್ 4070 ಟಿಐ ಎಂಬ ಹೆಸರಿನಲ್ಲಿ 799 ಡಾಲರಿಗೆ ಬಂತು.

ಮೂವತ್ತು ಸಾವಿರಕ್ಕೂ ಮಿಕ್ಕಿದ ಕಾರ್ಡ್ ಕೊಳ್ಳುವವರು ವಿಮರ್ಶೆ ಓದಿಯೇ ಅಂಗಡಿಗೆ ಹೋಗುತ್ತಾರೆ, ಅವರ ದನಿ ಕಂಪನಿಗೂ ಕೇಳುತ್ತದೆ. ನಾಲ್ಕೈದು ಸಾವಿರದ ಕಾರ್ಡನ್ನೋ, ಮಗಳ ಓದಿಗೆಂದು ಲ್ಯಾಪ್‌ಟಾಪನ್ನೋ ಕೊಳ್ಳುವವರಿಗೆ ಇರುವುದು ಪೆಟ್ಟಿಗೆಯ ಮೇಲಿನ ಬರಹ ಮಾತ್ರ. ಅಲ್ಲಿ ಮೆಮೊರಿಯ ಜಿಬಿ ದಪ್ಪಕ್ಷರದಲ್ಲಿರುತ್ತದೆ. ಚಿಪ್ಪಿನ ಒಳಹೆಸರಾಗಲಿ, ಆ ಚಿಪ್ ಮೊದಲು ಹೊರಬಂದ ವರ್ಷವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ಎರಡನ್ನು ಅಚ್ಚು ಮಾಡಲು ಕಂಪನಿಗೆ ತಗಲುವ ಖರ್ಚು ಒಂದು ಸಾಲಿನ ಮಸಿಯಷ್ಟೇ. ಅದು ಬರುವವರೆಗೆ, ಜಿಟಿ 730 ಕೊಳ್ಳಹೊರಟವರು ಬಿಟ್ ಎಷ್ಟೆಂದು ಕೇಳುವ ಮೊದಲು ಕೋರ್ ಎಷ್ಟೆಂದು ಕೇಳಬೇಕು, 384 ಎಂಬ ಉತ್ತರ ಬಂದರೆ ಮಾತ್ರ ಹಣ ಕೊಡಬೇಕು, ಅಂಗಡಿ ಬಿಡುವ ಮೊದಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ ಒಳಗಿರುವುದು ಕೆಪ್ಲರ್ ವಿನ್ಯಾಸದ ಜಿಕೆ208 ಚಿಪ್ಪೇ ಹೌದೆಂದು ನೋಡಿಕೊಳ್ಳಬೇಕು.