ಲಿನಕ್ಸ್‌ನಲ್ಲಿ ಗೇಮ್ ಓಡುತ್ತಿದೆ, ಸೇವ್ ಎಲ್ಲಿ ಹೋಯಿತು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರನ್ನು ಎಸೆಯಲು ಮನಸ್ಸಿಲ್ಲದವರು ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಕಡೆ ನೋಡತೊಡಗಿದರು. ಗೇಮ್ ಆಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಸ್ಲೋ ಆಗುತ್ತಾ? ಇನ್ನೊಂದು ಪ್ರಶ್ನೆ ಏಳುವುದು ಆಡಲು ಶುರು ಮಾಡಿದ ಮೇಲೆ: ನನ್ನ ಸೇವ್, ಅಂದರೆ ಎಲ್ಲಿಯವರೆಗೆ ಆಡಿದೆ ಎಂಬ ದಾಖಲೆ, ಎಲ್ಲಿ? ಮೊದಲನೆಯ ಪ್ರಶ್ನೆಗೆ ಇವತ್ತು ಒಳ್ಳೆಯ ಉತ್ತರ ಇದೆ. ಎರಡನೆಯದಕ್ಕೆ ಅರ್ಧ ಉತ್ತರ ಮಾತ್ರ ಇದೆ.

ಎರಡರ ಬೇರೂ ಒಂದೇ ಕಡೆ ಇದೆ. ವಿಂಡೋಸ್‌ಗೆ ಬರೆದ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಓಡಿಸುವ 'ವೈನ್' ಯೋಜನೆ 1993ರಲ್ಲಿ ಶುರುವಾಯಿತು. ಪ್ರೋಗ್ರಾಮ್ ವಿಂಡೋಸನ್ನು ಏನು ಕೇಳಿದರೂ ವೈನ್ ಉತ್ತರ ಕೊಡಬೇಕು, ಅದೂ ವಿಂಡೋಸ್ ಕೊಡುವ ಹಾಗೆಯೇ. ಇದು ಎಷ್ಟು ದೊಡ್ಡ ಕೆಲಸ ಅಂದರೆ ವೈನ್‌ನ 1.0 ಆವೃತ್ತಿ ಬಂದಿದ್ದು 2008ರಲ್ಲಿ. ಈ ನಡುವೆ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಗೇಮ್‌ಗಳನ್ನು ನೇರವಾಗಿ ಲಿನಕ್ಸ್‌ಗೇ ತಂದು ಮಾರಲು ನೋಡಿತು. 1998ರಲ್ಲಿ ಹುಟ್ಟಿ 2002ರಲ್ಲಿ ಮುಚ್ಚಿಹೋಯಿತು.

2013ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿಯ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರ ಕೊನೆಗೆ ಲಿನಕ್ಸ್ ಹಾಕಿದ ಗೇಮಿಂಗ್ ಕಂಪ್ಯೂಟರ್‌ಗಳಾದ ಸ್ಟೀಮ್ ಮಷಿನ್‌ಗಳೂ ಬಂದವು, ಆದರೆ ಜನ ಕೊಳ್ಳಲಿಲ್ಲ. ಬೇಕಾದ ಗೇಮ್‌ಗಳು ಇರಲಿಲ್ಲ, ಇದ್ದವುಗಳಲ್ಲಿ ಎಷ್ಟೋ ವಿಂಡೋಸ್‌ಗಿಂತ ನಿಧಾನ. ವಿಂಡೋಸ್ ಗೇಮ್‌ಗಳು ಚಿತ್ರ ಬಿಡಿಸಲು ಡೈರೆಕ್ಟ್‌ಎಕ್ಸ್ ಬಳಸುತ್ತವೆ. ವೈನ್ ಅದನ್ನು ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ಓಪನ್‌ಜಿಎಲ್‌ಗೆ ಬದಲಾಯಿಸಿ ಕೊಡುತ್ತಿತ್ತು. ಆ ಬದಲಾವಣೆಯಲ್ಲೇ ಸಾಕಷ್ಟು ವೇಗ ಸೋರಿಹೋಗುತ್ತಿತ್ತು.

2016ರಲ್ಲಿ ಚಿತ್ರ ಬಿಡಿಸುವ ಹೊಸ ವ್ಯವಸ್ಥೆ ವಲ್ಕನ್ ಬಂದ ಮೇಲೆ ದಾರಿ ತೆರೆಯಿತು. ಗ್ರಾಫಿಕ್ಸ್ ಕಾರ್ಡ್ ಜೊತೆ ಇದು ಹೆಚ್ಚು ನೇರವಾಗಿ ಮಾತಾಡುತ್ತದೆ. ಫಿಲಿಪ್ ರೆಬೋಲೆ ಎಂಬ ಡೆವಲಪರ್‌ಗೆ 'ನಿಯರ್: ಆಟೋಮಾಟಾ' ಗೇಮನ್ನು ಲಿನಕ್ಸ್‌ನಲ್ಲಿ ಆಡಬೇಕಿತ್ತು. ಅದಕ್ಕಾಗಿ ಡೈರೆಕ್ಟ್‌ಎಕ್ಸ್ 11ನ್ನು ವಲ್ಕನ್‌ಗೆ ಬದಲಾಯಿಸುವ 'ಡಿಎಕ್ಸ್‌ವಿಕೆ' ಬರೆದರು. ಒಬ್ಬರ ಆಸೆಯಿಂದ ಶುರುವಾದ ಕೆಲಸ ಇದು. ವಾಲ್ವ್ ಕಂಪನಿ ಅದನ್ನೂ ವೈನನ್ನೂ ಸೇರಿಸಿ 2018ರ ಆಗಸ್ಟ್‌ನಲ್ಲಿ 'ಪ್ರೋಟಾನ್' ಬಿಡುಗಡೆ ಮಾಡಿತು.

ಆದರೂ ಒಂದು ಕಾಟ ಉಳಿದಿತ್ತು. ಗೇಮ್ ಚೆನ್ನಾಗಿ ಓಡುತ್ತಿರುತ್ತದೆ, ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಗಕ್ಕನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಪರದೆಯ ಮೇಲಿನ ಬೆಳಕು, ಹೊಗೆ, ನೀರು ಎಲ್ಲವನ್ನೂ ಶೇಡರ್ ಎಂಬ ಸಣ್ಣ ಪ್ರೋಗ್ರಾಮ್‌ಗಳು ಬಿಡಿಸುತ್ತವೆ. ಮೊದಲ ಸಲ ಬೇಕಾದಾಗ ಅವನ್ನು ನಿಮ್ಮ ಕಾರ್ಡ್‌ಗೆ ಹೊಂದುವಂತೆ ಕಂಪೈಲ್ ಮಾಡಬೇಕು, ಅಂದರೆ ಕಾರ್ಡ್‌ನ ಭಾಷೆಗೆ ತರಬೇಕು. ಆ ಹೊತ್ತಿಗೆ ಆಟ ಕಾಯುತ್ತದೆ. ಇದಕ್ಕೆ ಮದ್ದು ಹಲವು ಕಡೆಯಿಂದ ಬಂತು. ಶೇಡರ್‌ಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳುವ ವ್ಯವಸ್ಥೆ ಸ್ಟೀಮ್‌ನಲ್ಲೇ ಬಂತು. ಎಎಂಡಿ ಕಂಪನಿಯ ಕಾರ್ಡ್‌ಗಳಿಗೆ 'ಎಸಿಒ' ಎಂಬ ವೇಗದ ಕಂಪೈಲರ್ 2020ರಲ್ಲಿ ಡ್ರೈವರ್‌ನ ಮಾಮೂಲಿ ಭಾಗವಾಯಿತು. 2022ರ ನವೆಂಬರ್‌ನಲ್ಲಿ ಡಿಎಕ್ಸ್‌ವಿಕೆ 2.0 ಶೇಡರ್‌ಗಳನ್ನು ಲೋಡಿಂಗ್ ಹೊತ್ತಿನಲ್ಲೇ ಕಂಪೈಲ್ ಮಾಡಲು ಶುರುಮಾಡಿತು.

2022ರ ಫೆಬ್ರವರಿ 25ರಂದು 'ಎಲ್ಡನ್ ರಿಂಗ್' ಬಿಡುಗಡೆಯಾಯಿತು. ಕೈಯಲ್ಲಿ ಹಿಡಿದು ಆಡುವ ವಾಲ್ವ್‌ನ ಲಿನಕ್ಸ್ ಯಂತ್ರ ಸ್ಟೀಮ್ ಡೆಕ್ ಬಂದಿದ್ದೂ ಅದೇ ದಿನ. ವಿಂಡೋಸ್‌ನಲ್ಲಿ ಈ ಗೇಮ್ ನಡುನಡುವೆ ನಿಲ್ಲುತ್ತದೆ ಎಂಬ ದೂರು ಎಲ್ಲೆಡೆ ಕೇಳಿಬಂತು. ವಾಲ್ವ್‌ನವರು ಪ್ರೋಟಾನ್ ಕಡೆಯಿಂದಲೇ ಅದಕ್ಕೆ ತಿದ್ದುಪಡಿ ತಂದರು. ವಿಂಡೋಸ್ ಗೇಮಿನ ತೊಂದರೆಗೆ ಲಿನಕ್ಸ್‌ನಲ್ಲಿ ಮೊದಲು ಪರಿಹಾರ ಸಿಕ್ಕಿತು. ಅದೇ ವರ್ಷ ಉಲ್ಟಾ ಘಟನೆಯೂ ನಡೆಯಿತು. ಮೆಮೊರಿಯನ್ನು ತಪ್ಪು ರೀತಿಯಲ್ಲಿ ಲಾಕ್ ಮಾಡುವ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.19 ಆವೃತ್ತಿ ಬೇಕಂತಲೇ ನಿಧಾನ ಮಾಡತೊಡಗಿತು. 'ಗಾಡ್ ಆಫ್ ವಾರ್' ಆ ಏಟಿಗೆ ಸಿಕ್ಕಿ ಆಡಲಾಗದಷ್ಟು ಸ್ಲೋ ಆಯಿತು. ಹೀಗೆ ನಿಧಾನ ಮಾಡುವುದನ್ನು ಆಫ್ ಮಾಡಲು ಕರ್ನಲ್ 6.2ರಲ್ಲಿ ಒಂದು ಸ್ವಿಚ್ ಕೊಟ್ಟರು.

ಇಷ್ಟೆಲ್ಲ ಸರಿಹೋಗಲು ಕಾರಣ, ವೇಗಕ್ಕೆ ಒಂದು ಅಂಕಿ ಇದೆ. ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಅಂತ ಅಳೆಯಬಹುದು, ವಿಂಡೋಸ್ ಜೊತೆ ಹೋಲಿಸಬಹುದು, ಕಡಿಮೆಯಾದರೆ ಜಗಳಕ್ಕೆ ನಿಲ್ಲಬಹುದು. ಕಳೆದುಹೋದ ಸೇವ್‌ಗಳನ್ನು ಯಾರು ಎಣಿಸುತ್ತಾರೆ? ನನಗೆ ಬೇಸರವಾಗುವುದು ಇಲ್ಲೇ. ನಲವತ್ತು ಗಂಟೆ ಆಡಿದ ಆಟ ಮಾಯವಾಗುವ ನೋವು ಹತ್ತು ಫ್ರೇಮ್ ಕಡಿಮೆಯಾಗುವುದಕ್ಕಿಂತ ಜಾಸ್ತಿ, ಅಲ್ವಾ?

ಇದರಲ್ಲಿ ಲಿನಕ್ಸ್‌ನ ತಪ್ಪು ಅಷ್ಟೇನೂ ಇಲ್ಲ. ವಿಂಡೋಸ್‌ನಲ್ಲೇ ಸೇವ್‌ಗೆ ಒಂದು ಖಾಯಂ ಜಾಗ ಇರಲಿಲ್ಲ. ವಿಂಡೋಸ್ ವಿಸ್ಟಾ 'ಸೇವ್ಡ್ ಗೇಮ್ಸ್' ಎಂಬ ಫೋಲ್ಡರ್ ಕೊಟ್ಟರೂ ಎಷ್ಟೋ ಗೇಮ್‌ಗಳು ಅದನ್ನು ಮುಟ್ಟಲೇ ಇಲ್ಲ. ಕೆಲವು ಡಾಕ್ಯುಮೆಂಟ್ಸ್‌ನಲ್ಲಿ ಬರೆಯುತ್ತವೆ, ಕೆಲವು ಆ್ಯಪ್‌ಡೇಟಾದಲ್ಲಿ, ಕೆಲವು ಗೇಮಿನ ಫೋಲ್ಡರ್‌ನಲ್ಲೇ, ಇನ್ನು ಕೆಲವು ವಿಂಡೋಸ್ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ. ಈ ಚೆಲ್ಲಾಪಿಲ್ಲಿ ಹಾಗೆಯೇ ಲಿನಕ್ಸ್‌ಗೆ ಬಂತು. ಅದರ ಮೇಲೆ ಪ್ರೋಟಾನ್ ಪ್ರತಿ ಗೇಮಿಗೂ ಬೇರೆ ಬೇರೆ 'ಪ್ರಿಫಿಕ್ಸ್', ಅಂದರೆ ಒಂದು ಪುಟ್ಟ ನಕಲಿ ಸಿ ಡ್ರೈವ್, ಮಾಡುತ್ತದೆ. ಒಂದು ಗೇಮ್ ಕೆಟ್ಟರೆ ಇನ್ನೊಂದಕ್ಕೆ ತಾಗಬಾರದು ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಅದು ಇರುವುದು 'ಕಂಪ್ಯಾಟ್‌ಡೇಟಾ' ಫೋಲ್ಡರಿನೊಳಗೆ, ಗೇಮಿನ ಹೆಸರಿನಲ್ಲಲ್ಲ, ಒಂದು ನಂಬರಿನಲ್ಲಿ.

ಅಪಾಯ ಇರುವುದು ಇಲ್ಲೇ. ಗೇಮ್ ಸ್ಲೋ ಆಯಿತು ಅಥವಾ ತೆರೆಯುತ್ತಿಲ್ಲ ಅಂದರೆ ಜನ ಥಟ್ಟನೆ ಕೊಡುವ ಸಲಹೆ, "ಪ್ರಿಫಿಕ್ಸ್ ಡಿಲೀಟ್ ಮಾಡಿ, ಹೊಸದಾಗುತ್ತೆ." ಹೊಸದೇನೋ ಆಗುತ್ತದೆ. ಒಳಗಿದ್ದ ಸೇವ್ ಕೂಡ ಹೋಗುತ್ತದೆ. ಒಂದು ತೊಂದರೆಯ ಮದ್ದೇ ಇನ್ನೊಂದಕ್ಕೆ ಕಾರಣ.

ಸೇವ್‌ಗಳನ್ನು ಇಂಟರ್‌ನೆಟ್‌ನಲ್ಲಿ ಕಾಪಿಟ್ಟುಕೊಳ್ಳುವ ಸ್ಟೀಮ್ ಕ್ಲೌಡ್ 2008ರಿಂದಲೇ ಇದೆ, ನಿಜ. ಆದರೆ ಅದನ್ನು ಜೋಡಿಸುವುದು ಆಯಾ ಗೇಮ್ ಮಾಡಿದವರ ಇಷ್ಟ. ಜೋಡಿಸಿದರೂ ಲಿನಕ್ಸ್ ಆವೃತ್ತಿ ಮತ್ತು ವಿಂಡೋಸ್ ಆವೃತ್ತಿ ಬೇರೆ ಜಾಗಗಳಲ್ಲಿ ಬರೆಯುವುದುಂಟು. ವೇಗಕ್ಕಾಗಿ ಲಿನಕ್ಸ್ ಆವೃತ್ತಿ ಬಿಟ್ಟು ಪ್ರೋಟಾನ್‌ಗೆ ಹೋದವರಿಗೆ ಆಟ ಮೊದಲಿಂದ ಶುರುವಾದಂತೆ ಕಾಣುವುದು ಇದಕ್ಕೇ. ಗಾಬರಿ ಬೇಡ, ಹಳೆಯ ಸೇವ್ ಸಾಮಾನ್ಯವಾಗಿ ಹೋಮ್ ಫೋಲ್ಡರಿನಲ್ಲಿ ಸುಮ್ನೆ ಕೂತಿರುತ್ತದೆ. ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡಿಸ್ಕ್‌ನಲ್ಲಿ ಪ್ರಿಫಿಕ್ಸ್ ಇಟ್ಟವರ ಕಷ್ಟ ಬೇರೆ. ಪ್ರಿಫಿಕ್ಸ್ ಒಳಗೆ ಕೋಲನ್ ಚಿಹ್ನೆ ಇರುವ ಹೆಸರುಗಳಿವೆ. ವಿಂಡೋಸ್‌ಗೆ ಅವು ಆಗಿಬರುವುದಿಲ್ಲ.

ಈಗ 'ಲುಡುಸಾವಿ' ಎಂಬ ಉಚಿತ ಸಾಧನ ಇದೆ. ಯಾವ ಗೇಮ್ ಎಲ್ಲಿ ಸೇವ್ ಮಾಡುತ್ತದೆ ಎಂದು ಆಟಗಾರರೇ ಪಿಸಿ ಗೇಮಿಂಗ್ ವಿಕಿಯಲ್ಲಿ ಬರೆದಿಟ್ಟ ಮಾಹಿತಿ ಬಳಸಿ, ಪ್ರೋಟಾನ್ ಪ್ರಿಫಿಕ್ಸ್‌ಗಳ ಒಳಗೂ ಹುಡುಕಿ ಬ್ಯಾಕಪ್ ತೆಗೆಯುತ್ತದೆ. ಅದನ್ನು ಹಾಕಿಕೊಳ್ಳದಿದ್ದರೂ ಪ್ರಿಫಿಕ್ಸ್ ಡಿಲೀಟ್ ಮಾಡುವ ಮೊದಲು ಅದರೊಳಗಿನ 'ಸ್ಟೀಮ್‌ಯೂಸರ್' ಫೋಲ್ಡರನ್ನೂ ಗೇಮಿನ ಫೋಲ್ಡರನ್ನೂ ಬೇರೆಡೆ ಕಾಪಿ ಮಾಡಿ. ಜೊತೆಗೆ 'ಯೂಸರ್ ಡಾಟ್ ರೆಗ್' ಎಂಬ ಫೈಲನ್ನೂ ಬಿಡಬೇಡಿ. ರಿಜಿಸ್ಟ್ರಿಯಲ್ಲಿ ಸೇವ್ ಮಾಡುವ ಗೇಮ್‌ಗಳ ಆಟ ಉಳಿದಿರುವುದು ಅದರೊಳಗೆ.